ನಲವತ್ತಮೂರು ಕೆಂಪು ಚೀಟಿ

ತಿರಕಪ್ಪನನ್ನು ಹಾವೇರಿಯ ತರಬೇತಿಗೆ ಕಳಿಸಿದ್ದು ಅವನ ಯೋಗ್ಯತೆ ನೋಡಿ ಅಲ್ಲ, ಅವನ ಪುರುಸೊತ್ತು ನೋಡಿ. ನಮ್ಮದು ರಾಣೇಬೆನ್ನೂರಿನ ಒಂದು ಸಣ್ಣ ಬೀಜದ ಕಂಪನಿ. ಆ ವಾರ ಡ್ರೈವರ್ ಯೂಸುಫಸಾಬನಿಗೆ ಜೀಪಿನ ರಿಪೇರಿ, ನನಗೆ ಒದ್ದೆ ಕಾಗದದೊಳಗೆ ಮೊಳೆತ ಬೀಜ ಎಣಿಸುವ ಕೆಲಸ. ಹೊಲಗಳ ಸೂಪರ್‌ವೈಜರ್ ತಿರಕಪ್ಪ ಮಾತ್ರ ಕಿಟಕಿಯ ಹತ್ತಿರ ನಿಂತು ಎದುರಿನ ಬೇವಿನ ಮರವನ್ನು ನೋಡುತ್ತಿದ್ದ. ಅವನು ಒಂದು ವಸ್ತುವನ್ನು ನೋಡುತ್ತ ನಿಂತನೆಂದರೆ ಅರ್ಧ ತಾಸು ಆ ವಸ್ತುವಿಗೂ ಬಿಡುಗಡೆಯಿಲ್ಲ, ಅವನಿಗೂ ಇಲ್ಲ. ಮಾಲಕ ವಿಜಯಮಹಾಂತೇಶ ಒಳಗಿನಿಂದ ಬಂದವರು ಅವನನ್ನು ಕಂಡು "ನೀನ ಹೋಗಿ ಬಾರಪಾ" ಎಂದರು. ಆಯ್ಕೆ ಅಷ್ಟಕ್ಕೇ ಮುಗಿಯಿತು.

ತರಬೇತಿ ಎರಡು ದಿನದ್ದು. ಒಟ್ಟಾಗಿ ಕೆಲಸ ಮಾಡುವವರು ಪರಸ್ಪರ ಹೇಗೆ ಮಾತಾಡಬೇಕು, ಸಮಸ್ಯೆ ಬಂದರೆ ಹೇಗೆ ಬಿಡಿಸಬೇಕು ಎಂಬುದು ವಿಷಯ. ಮುಂಜಾನೆ ತಿರಕಪ್ಪ ಮೊದಲ ಸಾಲಿನಲ್ಲಿ ಕೂತು ಎಲ್ಲ ಬರೆದುಕೊಂಡ. ಮಧ್ಯಾಹ್ನ ಊಟಕ್ಕೆ ಗೋದಿ ಹುಗ್ಗಿ ಇತ್ತು, ಮೇಲೆ ತುಪ್ಪ. ಊಟವಾದ ಮೇಲೆ ಅವನ ದೇಹ ಕುರ್ಚಿಯಲ್ಲಿತ್ತು, ಅವನು ತುಂಗಭದ್ರೆಯ ದಂಡೆಯ ಮರಳಿನಲ್ಲಿದ್ದ. ಎರಡೂ ದಿನ ಹೀಗೇ ಆಯಿತು. ಹೀಗಾಗಿ ಪ್ರತಿಯೊಂದು ವಿದ್ಯೆಯ ಮೊದಲರ್ಧ ಅವನ ತಲೆಗೆ ಬಂತು, ಉಳಿದರ್ಧ ಹೊಳೆಗೆ ಹೋಯಿತು. ಓದುಗರು ದಯವಿಟ್ಟು ಆ ಹುಗ್ಗಿಯನ್ನು ಮರೆಯಬಾರದು. ಮುಂದಿನ ಅನಾಹುತಕ್ಕೆ ನಾನು ತಿರಕಪ್ಪನಿಗಿಂತ ಹೆಚ್ಚು ದೂರುವುದು ಅದನ್ನೇ.

ಮೊದಲ ಪ್ರಯೋಗ ಅವನ ಹೆಂಡತಿ ಗದಿಗೆವ್ವನ ಮೇಲೆ ನಡೆಯಿತು. ನಮ್ಮಿಬ್ಬರ ಮನೆಗಳಿಗೆ ನಡುವೆ ಒಂದೇ ಗೋಡೆ, ಅದೂ ತೆಳು. ನಾನು ಕದ್ದು ಕೇಳುವವನಲ್ಲ. ಆದರೆ ಕಿವಿ ಮುಚ್ಚಿಕೊಂಡು ಚಹಾ ಕುಡಿಯುವುದು ಹೇಗೆ?

"ರೀ, ನಮ್ಮವ್ವ ಬ್ಯಾಡಗಿಯಿಂದ ಬಸ್ಸಿನ್ಯಾಗ ಮೆಣಸಿನಕಾಯಿ ಚೀಲ ಇಟ್ಟು ಕಳಿಸ್ಯಾಳ. ಹತ್ತಕ್ಕ ಬಸ್ ಸ್ಟ್ಯಾಂಡಿಗೆ ಬರ್ತೈತಿ. ಲಗೂ ಹೋಗಿ ಇಳಿಸ್ಕೊಂಡ ಬರ್ರಿ."

"ಅಂದ್ರ ನೀ ಹೇಳೂದು, ಬ್ಯಾಡಗಿಯಿಂದ ಮೆಣಸಿನಕಾಯಿ ಬರಾಕತ್ತೈತಿ. ಹತ್ತಕ್ಕ ಬರ್ತೈತಿ. ನಾ ಲಗೂ ಹೋಗಿ ಇಳಿಸ್ಕೊಂಡ ಬರಬೇಕು."

"ಹೌದ್ರಿ."

"ನನಗ ಪೂರಾ ಅರ್ಥ ಆತು ನೋಡು."

ಇಷ್ಟು ಹೇಳಿ ತಿರಕಪ್ಪ ಸಮಾಧಾನದಿಂದ ಕಟ್ಟೆಯ ಮೇಲೆ ಕೂತ. ಹಾವೇರಿಯಲ್ಲಿ ಕೇಳಿದ ಮಾತನ್ನು ಹೀಗೆ ತಿರುಗಿ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದರಂತೆ. ಚಪ್ಪಾಳೆಯ ನಂತರ ಎದ್ದು ಕೆಲಸ ಮಾಡಬೇಕೆಂಬ ಭಾಗ ಊಟದ ಮೇಲೆ ಬಂದಿತ್ತು. ಮೆಣಸಿನಕಾಯಿ ಚೀಲ ರಾಣೇಬೆನ್ನೂರಿನಲ್ಲಿ ಯಾರನ್ನೂ ಕಾಣದೆ ದಾವಣಗೆರೆ ನೋಡಿಕೊಂಡು, ಅದೇ ಬಸ್ಸಿನಲ್ಲಿ ಸಂಜೆ ಬ್ಯಾಡಗಿಗೆ ತಿರುಗಿ ಹೋಯಿತು. ಅತ್ತೆಯ ಫೋನು ಬಂತು. "ಮೆಣಸಿನಕಾಯಿ ತವರಿಗೆ ಬಂದಾವವ್ವ. ನೀ ಯಾವಾಗ ಬರ್ತಿ ಹೇಳು, ರೊಟ್ಟಿ ಬಡೀತೇನಿ" ಎಂದು ಆಕೆ ಮಗಳಿಗೆ ಕೇಳಿದ್ದು ಗೋಡೆಯ ಈ ಕಡೆಗೂ ಕೇಳಿಸಿತು. ಗದಿಗೆವ್ವ ಆ ರಾತ್ರಿಯ ಸಾರಿಗೆ ಖಾರ ಹಾಕಲಿಲ್ಲ.

ಮರುದಿನ ಆಫೀಸಿನಲ್ಲಿ ನಿಂತು ಮಾಡುವ ಸಭೆ ಶುರುವಾಯಿತು. ಕೂತರೆ ಸಭೆ ಬೆಳೆಯುತ್ತದೆ, ನಿಂತರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ ಎಂಬುದು ಸಿದ್ಧಾಂತ. ಅದು ಬೇರೆಯವರಿಗೆ ನಿಜವಿರಬಹುದು. ತಿರಕಪ್ಪ ಹದಿನೈದು ವರ್ಷ ಹೊಲದ ಬದುವಿನ ಮೇಲೆ ನಿಂತು ಅಭ್ಯಾಸವಾದವನು. ನಿಂತಲ್ಲೇ ಕನಸು ಕಾಣುವುದು ಅವನಿಗೆ ಸಲೀಸು. ಮೊದಲ ಸಭೆ ಒಂದೂ ಕಾಲು ತಾಸು ನಡೆಯಿತು.

"ತಿರಕಣ್ಣ, ಈ ಮೀಟಿಂಗಿನ ವಿಷಯ ನನಗ ತಿಳೀತು, ನನ್ನ ಮೊಣಕಾಲಿಗೆ ತಿಳಿಯವಲ್ದು. ಅದಕ್ಕಷ್ಟ ಕುಂದ್ರಾಕ ಹೇಳು" ಎಂದ ಯೂಸುಫಸಾಬ.

"ಅಂದ್ರ ನೀವು ಹೇಳೂದು, ನಿಮ್ಮ ಮೊಣಕಾಲಿಗೆ ತಿಳಿಯವಲ್ದು" ಎಂದ ತಿರಕಪ್ಪ, ಬಹಳ ಮರುಕದಿಂದ. ಯೂಸುಫಸಾಬ ನಿಂತೇ ಇದ್ದ.

ಮಾಲಕರಿಗೆ ಇದೆಲ್ಲ ಹಿಡಿಸಿತು. ದೊಡ್ಡ ಕಂಪನಿಯಂತೆ ಕಾಣುತ್ತದೆ ಎಂದರು. ಅವರೂ ನಿಂತಿದ್ದರು, ಆದರೆ ಮೇಜಿಗೆ ಒರಗಿ.

ಇಲ್ಲಿಯವರೆಗೆ ನಗುವ ಮಾತು. ಇಲ್ಲಿಂದ ಮುಂದೆ ದೇವವ್ವ ಬರುತ್ತಾಳೆ.

ಮೇಡ್ಲೇರಿಯಲ್ಲಿ ಹೊಳೆಯ ಹತ್ತಿರ ದೇವವ್ವನ ಒಂದು ಎಕರೆ ಇದೆ. ಇಷ್ಟು ವರ್ಷ ಆಕೆ ಬೇರೆಯವರ ಬೀಜದ ಹೊಲಗಳಲ್ಲಿ ಹೆಣ್ಣುಮಕ್ಕಳ ಗುಂಪು ಕಟ್ಟಿಕೊಂಡು ಕ್ರಾಸಿಂಗ್ ಮಾಡಿದವಳು. ಈ ಸಲ ಗಂಡ ಮೈಲೇಶನ ಹತ್ತಿರ ಹಟ ಮಾಡಿ ಆ ಎಕರೆಯನ್ನು ಗೋವಿನಜೋಳದಿಂದ ಬಿಡಿಸಿಕೊಂಡು, ತನ್ನ ಹೆಸರಿನಲ್ಲೇ ಬೆಂಡೆ ಬೀಜದ ಪ್ಲಾಟು ಮಾಡಿದ್ದಳು. ಗಂಡನ ಕರಾರು ಒಂದೇ: "ಕಂಪನಿಯವರು ಬ್ಯಾಡಂದ್ರ ಮುಂದಿನ ವರ್ಷ ಗೋವಿನಜೋಳ. ಮತ್ತ ನೀ ಸೀಡ್ಸ್ ಅನ್ನೂ ಹೆಸರು ತಗೀಬಾರದು." ಬೀಜ ಕೊಳ್ಳುವ ದೊಡ್ಡ ಕಂಪನಿಯ ತಪಾಸಣೆಯ ಮೇಡಂ ಶ್ವೇತಾ ಬರುವ ದಿನ ಗೊತ್ತಾಗಿತ್ತು. ಹೆಣ್ಣು ಗಿಡದ ಸಾಲುಗಳಲ್ಲಿ ಬೇರೆ ಜಾತಿಯ ಬೆರಕೆ ಗಿಡ ಒಂದೆರಡು ಸಿಕ್ಕರೆ ಕಿತ್ತು ಒಗೆದು ಮುಂದೆ ಹೋಗುತ್ತಾರೆ. ಐದು ಸಿಕ್ಕವೆಂದರೆ ಇಡೀ ಪ್ಲಾಟು ರದ್ದು.

ಕ್ರಾಸಿಂಗ್ ಎಂದರೆ ಇಷ್ಟು. ಮಧ್ಯಾಹ್ನದ ಮೇಲೆ ಹೆಣ್ಣುಮಕ್ಕಳು ನಾಳೆ ಅರಳುವ ಮೊಗ್ಗುಗಳನ್ನು ಉಗುರಿನಿಂದ ಬಿಡಿಸಿ, ಒಳಗಿನ ಪರಾಗದ ಎಳೆ ತೆಗೆದು, ಮೇಲೊಂದು ಕೆಂಪು ಕಾಗದದ ಟೊಪ್ಪಿಗೆ ಇಡುತ್ತಾರೆ. ಮರುದಿನ ನಸುಕಿನಲ್ಲಿ ಬಂದು, ಕೆಂಪು ಕಂಡಲ್ಲೆಲ್ಲ ಟೊಪ್ಪಿಗೆ ತೆಗೆದು, ಗಂಡು ಹೂವು ಸವರಿ, ದಾರ ಕಟ್ಟುತ್ತಾರೆ. ಆ ಹೊಲಗಳಲ್ಲಿ ಕೆಂಪು ಎಂದರೆ ಅಪಾಯವಲ್ಲ, ಕೆಂಪು ಎಂದರೆ ನಾಳೆ ಮುಂಜಾನೆಯ ಕೆಲಸ. ಮೇಡ್ಲೇರಿಯ ಸಣ್ಣ ಹುಡುಗಿಗೂ ಇದು ಗೊತ್ತು. ತಿರಕಪ್ಪನಿಗೂ ಗೊತ್ತಿತ್ತು, ಹಾವೇರಿಗೆ ಹೋಗುವ ಮೊದಲು.

ತಪಾಸಣೆಯ ಹಿಂದಿನ ದಿನ ಮುಂಜಾನೆ ಅವನು ಹೊಲದ ಬೇವಿನ ಮರಕ್ಕೆ ಒಂದು ಹಲಗೆ ಬಡಿದ. ಅದರ ಕೆಳಗೆ ಅಂಟುವ ಹಳದಿ ಚೀಟಿಗಳ ಕಟ್ಟು, ದಾರಕ್ಕೆ ತೂಗಿಬಿಟ್ಟ ದಪ್ಪ ಪೆನ್ನು. ಹನ್ನೊಂದು ಮಂದಿ ಹೆಣ್ಣುಮಕ್ಕಳನ್ನು ನಿಲ್ಲಿಸಿ ಹೇಳಿದ:

"ಇನ್ನ ಮ್ಯಾಲೆ ಯಾರೂ ನಡುವ ಬಂದು ಏನೂ ಕೇಳಬ್ಯಾಡ್ರಿ. ಪ್ರಶ್ನೆ ಇದ್ರ ಬರೀರಿ, ಹಲಗಿಗೆ ಹಚ್ರಿ. ಮುಂಜಾನೆ ಒಂಬತ್ತಕ್ಕ ಎಲ್ಲಾರೂ ನಿಂತು ಚರ್ಚಾ ಮಾಡೂಣು."

"ಬಾಯಿಲೆ ಕೇಳಿದ್ರ ಏನಾಕ್ಕೈತ್ರಿ?" ಎಂದಳು ದೇವವ್ವ.

"ಅಂದ್ರ ನೀವು ಕೇಳೂದು, ಬಾಯಿಲೆ ಕೇಳಿದ್ರ ಏನಾಕ್ಕೈತಿ ಅಂತ."

"ಹೌದ್ರಿ."

"ಅದನ್ನ ಬರದು ಹಚ್ರಿ."

ಪೆನ್ನಿನ ಟೋಪಿಯನ್ನು ಅವನು ಮಾತಾಡುತ್ತ ಕಿಸೆಗೆ ಹಾಕಿಕೊಂಡು ರಾಣೇಬೆನ್ನೂರಿಗೆ ತಂದಿದ್ದ. ಪೆನ್ನು ಇಡೀ ದಿನ ಮೇಡ್ಲೇರಿಯ ಬಿಸಿಲಿನಲ್ಲಿ ಬಾಯಿ ತೆರೆದು ತೂಗಾಡಿತು.

ಸಂಜೆ ಐದಕ್ಕೆ ಹೆಣ್ಣುಮಕ್ಕಳು ಟೊಪ್ಪಿಗೆ ಇಟ್ಟು ಮನೆಗೆ ಹೋದ ಮೇಲೆ ತಿರಕಪ್ಪ ಒಬ್ಬನೇ ತಿರುಗಿ ಬಂದು ಹೊಲಕ್ಕೆ ಇಳಿದ. ಇಲ್ಲಿ ಅವನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು, ಹೇಳದಿದ್ದರೆ ನನಗೆ ಪಾಪ ಬರುತ್ತದೆ. ಆ ತಳಿಯಲ್ಲಿ ಬೆರಕೆ ಗಿಡಕ್ಕೆ ಇರುವ ಗುರುತು ಎಲೆಯ ತೊಟ್ಟಿನ ಬುಡದಲ್ಲಿ ಒಂದು ನಸುಗೆಂಪು ಛಾಯೆ. ನಡು ಬಿಸಿಲಿನಲ್ಲಿ ಅದು ಯಾರಿಗೂ ಕಾಣುವುದಿಲ್ಲ. ಇಳಿಬಿಸಿಲು ಸಾಲಿನೊಳಗೆ ಅಡ್ಡ ಬಿದ್ದಾಗ, ಏನನ್ನೂ ಹುಡುಕದೆ ಸುಮ್ಮನೆ ನೋಡುತ್ತ ನಿಲ್ಲುವವನಿಗೆ ಮಾತ್ರ ಕಾಣುತ್ತದೆ. ಹಾಗೆ ನಿಲ್ಲುವವನು ಮೂರು ತಾಲೂಕಿನಲ್ಲಿ ತಿರಕಪ್ಪ ಒಬ್ಬನೇ. ಹೊಳೆಯ ಕಡೆಯಿಂದ ತಂಪು ಗಾಳಿ ಬರುತ್ತಿತ್ತು. ಬೆಂಡೆಯ ಎಲೆಗಳು ಒಂದಕ್ಕೊಂದು ಏನೋ ಹೇಳುತ್ತಿದ್ದಂತೆ ಅವನಿಗೆ ಅನ್ನಿಸಿತಂತೆ. ಸಾಲಿನಿಂದ ಸಾಲಿಗೆ ಅವನು ನೀರಿನಲ್ಲಿ ನಡೆದಂತೆ ನಡೆದ. ಆ ಬೆಳಕು ಹೋಗುವುದರೊಳಗೆ ನಲವತ್ತಮೂರು ಬೆರಕೆ ಗಿಡ ಕಂಡವು.

ಹಿಂದಿನ ವರ್ಷಗಳ ತಿರಕಪ್ಪ ಆಗಿದ್ದರೆ ನಲವತ್ತಮೂರನ್ನೂ ಅಲ್ಲೇ ಕಿತ್ತು ಬದುವಿಗೆ ಒಗೆದು ಮನೆಗೆ ಬರುತ್ತಿದ್ದ. ಆದರೆ ಸಮಸ್ಯೆಯನ್ನು ಒಬ್ಬನೇ ಬಿಡಿಸಬಾರದು, ಎಲ್ಲರಿಗೂ ಕಾಣುವಂತೆ ಗುರುತು ಮಾಡಿ ಎಲ್ಲರೂ ಕೂಡಿ ಬಿಡಿಸಬೇಕು ಎಂದು ಹಾವೇರಿಯಲ್ಲಿ ಹೇಳಿದ್ದರು. ಸಮಸ್ಯೆಗೆ ಅಲ್ಲಿ ಕೊಟ್ಟಿದ್ದ ಚೀಟಿಯ ಬಣ್ಣ ಕೆಂಪು. ತಿರಕಪ್ಪ ಒಂದೊಂದು ಗಿಡದ ತುದಿಯ ಮೊಗ್ಗಿಗೆ ಒಂದೊಂದು ಕೆಂಪು ಚೀಟಿ ಅಂಟಿಸಿದ. ಆಮೇಲೆ ಕತ್ತಲಾಗುತ್ತ ಬಂದ ಹೊಲವನ್ನು ನೋಡಿ ಅವನಿಗೆ ಬಹಳ ಸುಖವಾಯಿತು. ಎಲ್ಲಿ ನೋಡಿದರೂ ಕೆಂಪು.

ಬೆಳಿಗ್ಗೆ ಒಂಬತ್ತಕ್ಕೆ ಜೀಪಿನಲ್ಲಿ ಮಾಲಕರು, ತಿರಕಪ್ಪ, ನಾನು, ಯೂಸುಫಸಾಬ ಮೇಡ್ಲೇರಿಗೆ ಹೋದೆವು. ಹೊಳೆಯ ಮಂಜು ಆಗ ತಾನೇ ಎದ್ದು ಹೋಗಿತ್ತು. ಬೇವಿನ ಮರದ ಹಲಗೆಯ ಮೇಲೆ ಹನ್ನೊಂದು ಹಳದಿ ಚೀಟಿಗಳು ಸಾಲಾಗಿ ಅಂಟಿದ್ದವು. ಒಂದರ ಮೇಲೂ ಒಂದಕ್ಷರ ಇರಲಿಲ್ಲ. ತಿರಕಪ್ಪನ ಕಣ್ಣಿನಲ್ಲಿ ನೀರು ಬಂತು.

"ನೋಡ್ರಿ ಸಾವ್ಕಾರ್ರ. ಹನ್ನೊಂದ ಮಂದಿ, ಒಬ್ಬರಿಗೂ ಒಂದ ಸಮಸ್ಯೆ ಇಲ್ಲ."

ಆಗ ದೇವವ್ವ ಬಂದು ಅವನ ಕೈಯಲ್ಲಿ ಒಂದು ಕಟ್ಟು ಇಟ್ಟಳು. ಕೆಂಪು ಚೀಟಿಗಳು. ಒಂದರ ಮೇಲೊಂದು ನೀಟಾಗಿ ಜೋಡಿಸಿ ಬಾಳೆನಾರಿನಿಂದ ಕಟ್ಟಿದ್ದಳು.

"ತಗೋರಿ ನಿಮ್ಮ ಹೊಸಾ ಟೊಪ್ಪಿಗಿ. ಛಲೋ ಅದಾವ, ಆದ್ರ ಅಂಟು ಭಾಳ. ನಲವತ್ತಮೂರಾಗೂ ಕ್ರಾಸಿಂಗ್ ಮಾಡಿ ದಾರ ಕಟ್ಟೇವಿ. ಒಂದ ಚೀಟಿನೂ ಹರಿದಿಲ್ಲ."

ತಿರಕಪ್ಪ ಕಟ್ಟನ್ನು ನೋಡಿದ, ಹೊಲವನ್ನು ನೋಡಿದ. ಎಕರೆ ತುಂಬ ಎಲ್ಲ ಗಿಡಗಳಿಗೂ ಒಂದೇ ಬಣ್ಣದ ದಾರ. ಬಿಸಿಲು ಏರಿತ್ತು, ತೊಟ್ಟಿನ ಛಾಯೆ ಯಾವ ಗಿಡದಲ್ಲೂ ಕಾಣುತ್ತಿರಲಿಲ್ಲ. ಮತ್ತೆ ಇಳಿಬಿಸಿಲು ಬೀಳುವುದು ಸಂಜೆ. ಮೇಡಂ ಬರುವುದು ಮಧ್ಯಾಹ್ನ ಮೂರಕ್ಕೆ; ಅವರು ತಪಾಸಣೆ ಮುಗಿಸುವುದರೊಳಗೆ ಆ ಬೆಳಕು ಬಿದ್ದರೆ ಎಲ್ಲ ಬಯಲು. ಅವನು ನಡೆದದ್ದನ್ನೆಲ್ಲ ಹೇಳಿದ.

"ನೀವು ಬೆರಕಿ ಗಿಡಕ್ಕ ಟೊಪ್ಪಿಗಿ ಹಾಕಿದ್ರ್ಯಾ?" ಎಂದಳು ದೇವವ್ವ, ಮೆತ್ತಗೆ. "ಮೊಗ್ಗು ಬಿಡಿಸಿದ್ದಿಲ್ಲ. ಸಾಹೇಬ್ರಿಗೆ ಕೆಲಸ ಮರತೈತಿ ಅಂತ ನಾವ ಬಿಡಿಸಿ, ನಾವ ಸವರಿದಿವಿ."

"ಮತ್ತ ಒಂದ ಮಾತು ಕೇಳಬಾರದ?" ಎಂದ ತಿರಕಪ್ಪ.

"ಕೇಳೇವಿ" ಎಂದಳು ಕಾವ್ಯಾ. ಪಿಯುಸಿ ಓದಿದವಳು, ಎಲ್ಲರ ಪರವಾಗಿ ಬರೆಯುವವಳು ಅವಳೇ. ಹಲಗೆಯ ಕಡೆ ಕೈ ತೋರಿಸಿದಳು. "ಹನ್ನೊಂದರಾಗೂ ನಾನ ಬರದೇನಿ. 'ನಾವು ಹಚ್ಚಲಾರದ ಕೆಂಪು ಯಾರು ಹಚ್ಯಾರ, ಇದಕ್ಕ ಕ್ರಾಸಿಂಗ್ ಮಾಡೂದೋ ಬ್ಯಾಡೋ' ಅಂತ. ಪೆನ್ನ ಮೂಡಲಿಲ್ಲ."

ನಾನು ಹತ್ತಿರ ಹೋಗಿ ಒಂದು ಚೀಟಿಯನ್ನು ಬೆಳಕಿಗೆ ಹಿಡಿದೆ. ದುಂಡನೆಯ ಅಕ್ಷರ ಒತ್ತಿ ಮೂಡಿದ ಗುರುತು ಇತ್ತು. ಬರೆಹ ಬಹಳ ಚಂದ.

ತಿರಕಪ್ಪ ಎದೆಗುಂದಲಿಲ್ಲ, ಎದೆಗುಂದಿದ್ದರೆ ಚೆನ್ನಾಗಿತ್ತು. ಮೂಲ ಸಿಗುವ ತನಕ ಐದು ಸಲ ಯಾಕೆ ಎಂದು ಕೇಳಬೇಕು ಎಂದು ಅಲ್ಲೇ ಸಭೆ ಶುರು ಮಾಡಿದ. ಉತ್ತರ ಕೊಡುವ ಪಾಳಿ ಮಾಲಕರದು.

"ಯಾಕ ಹಿಂಗಾತು?"

"ಬೆರಕಿ ಗಿಡಕ್ಕ ಕ್ರಾಸಿಂಗ್ ಆತು."

"ಯಾಕ?"

"ಕೆಂಪು ಇತ್ತು."

"ಯಾಕ?"

"ನೀ ಹಚ್ಚಿದಿ."

"ಯಾಕ?"

"ಹಾವೇರ್ಯಾಗ ಹೇಳಿಕೊಟ್ರು."

"ಯಾಕ?"

"ಯಾಕಂದ್ರ ನಾ ನಿನ್ನ ಕಳಿಸಿದ್ನಿ" ಎಂದು ಹೇಳಿ ಮಾಲಕರು ಹೋಗಿ ಜೀಪಿನೊಳಗೆ ಕೂತರು.

ಆಮೇಲೆ ಯಾವ ವಿಚಾರವೂ ತಪ್ಪಲ್ಲ, ಬಂದದ್ದನ್ನು ಬಂದಂತೆ ಹೇಳಿ ಎಂಬ ಘಟ್ಟ. ಮೇಡಂ ಬರುವ ದಾರಿಗೆ ಜೀಪು ಅಡ್ಡ ಹಾಕಿ ಕೆಟ್ಟಿದೆ ಎನ್ನೋಣ ಎಂದ ಯೂಸುಫಸಾಬ. ಆ ಜೀಪನ್ನು ಹಾಗೆ ಅಂದರೆ ಸುಳ್ಳಾಗುವುದಿಲ್ಲ ಎಂದೂ ಸೇರಿಸಿದ. ಅರ್ಧ ಹೊಲ ಕಿತ್ತುಬಿಡೋಣ ಎಂದೆ ನಾನು. ಹೇಳಿದ ಮೇಲೆ ದೇವವ್ವನ ಮುಖ ನೋಡಿದೆ, ಹೇಳಬಾರದಾಗಿತ್ತು ಎನ್ನಿಸಿತು. ಆಕೆ ಬದುವಿನ ಮೇಲೆ ಕೂತುಬಿಟ್ಟಿದ್ದಳು. ಸೆರಗನ್ನು ಬೆರಳಿಗೆ ಸುತ್ತುತ್ತ, ತನಗೆ ತಾನೇ ಎಂಬಂತೆ ಅಂದಳು:

"ಮುಂದಿನ ವರ್ಷ ಇಷ್ಟೊತ್ತಿಗೆ ಇಲ್ಲಿ ಗೋವಿನಜೋಳ ಇರ್ತೈತಿ. ನಾ ಮತ್ತ ಮಂದಿ ಹೊಲಕ್ಕ."

ತಿರಕಪ್ಪನ ಬಾಯಿಯಲ್ಲಿ "ಅಂದ್ರ ನೀವು ಹೇಳೂದು" ಎಂಬುದು ಬಂದಿತ್ತು; ಅದನ್ನು ಅವನು ನುಂಗಿದ್ದನ್ನು ನಾನು ಕಣ್ಣಾರೆ ಕಂಡೆ. ನುಂಗಿ, ಆಕೆಯ ಎದುರು ಮೊಣಕಾಲೂರಿ ಕೂತು, ಬರೀ ಒಂದು ಮಾತು ಕೇಳಿದ:

"ಏನ್ ಮಾಡೂಣು ದೇವವ್ವ?"

ಹಾವೇರಿಯಿಂದ ಬಂದ ಮೇಲೆ ಅವನು ಉತ್ತರ ಬೇಕೆಂದು ಕೇಳಿದ ಮೊದಲ ಪ್ರಶ್ನೆ ಅದು. ದೇವವ್ವ ಎದ್ದು ಹೆಣ್ಣುಮಕ್ಕಳ ಕಡೆ ತಿರುಗಿದಳು.

"ಒಬ್ಬೊಬ್ಬರದು ಎರಡೆರಡು ಸಾಲು. ನಿಮ್ಮ ಸಾಲಿನ್ಯಾಗ ನೀವು ಟೊಪ್ಪಿಗಿ ಹಾಕಿದ್ದು ಎಲ್ಲೆಲ್ಲಿ, ಇವರ ಚೀಟಿ ಸಿಕ್ಕಿದ್ದು ಎಲ್ಲೆಲ್ಲಿ, ಯಾರಿಗೆ ನೆನಪೈತಿ?"

ಹೆಣ್ಣುಮಕ್ಕಳು ನಕ್ಕರು. ದಿನಾ ಮುಟ್ಟುವ ಗಿಡ ನೆನಪಿಲ್ಲವೇ ಎಂಬಂತಿತ್ತು ಆ ನಗು. "ನನ್ನ ಸಾಲಿನ್ಯಾಗ ನಾಕು. ಒಂದು ಇರುವಿ ಗೂಡಿನ ಬಾಜೂಕ, ಮೂರು ಕಾಲುವಿ ಕಡೆ" ಎಂದಳು ಕಾವ್ಯಾ, ಆಗಲೇ ಸಾಲಿನೊಳಗೆ ಇಳಿಯುತ್ತ. ಹನ್ನೊಂದು ಮಂದಿ ಹನ್ನೊಂದು ಕಡೆ ಹೋದರು. "ನಾ ಏನ್ ಮಾಡ್ಲಿ?" ಎಂದ ತಿರಕಪ್ಪನಿಗೆ "ನೀವು ಸುಮ್ಕ ನಿಂದರ್ರಿ" ಎಂದಳು ದೇವವ್ವ. ಅದು ಅವನಿಗೆ ಬರುವ ಕೆಲಸ, ಮನಸ್ಸಿಟ್ಟು ಮಾಡಿದ.

ಮಧ್ಯಾಹ್ನದ ಹೊತ್ತಿಗೆ ಬದುವಿನ ಮೇಲೆ ಕಿತ್ತ ಗಿಡಗಳ ರಾಶಿ ಬಿತ್ತು. ನಾನು ಎರಡು ಸಲ ಎಣಿಸಿದೆ, ಎಣಿಸುವುದೇ ನನ್ನ ಉದ್ಯೋಗ. ನಲವತ್ತೆರಡು. ಇನ್ನೊಂದು ಎಲ್ಲಿ ಎಂದು ನಮಗೆ ಗೊತ್ತಾಗಲಿಲ್ಲ. ಬಿಸಿಲಿಗೆ ಹೊಲವೆಲ್ಲ ತೂಕಡಿಸುವಂತೆ ಕಾಣುತ್ತಿತ್ತು, ಹೊಳೆ ಸದ್ದಿಲ್ಲದೆ ಹರಿಯುತ್ತಿತ್ತು.

ಮೂರಕ್ಕೆ ಸರಿಯಾಗಿ ಶ್ವೇತಾ ಮೇಡಂ ಬಂದರು. ಚಹಾ ಬೇಡ ಎಂದರು, ಬೂಟು ಕಟ್ಟಿಕೊಂಡು ನೇರ ಸಾಲಿಗೆ ಇಳಿದರು. ಮಾತು ಕಡಿಮೆ, ಕಣ್ಣು ಚೂಪು. ಒಂದೊಂದು ಗಿಡದ ಎಲೆ ಎತ್ತಿ ನೋಡುತ್ತ ಹೋದರು, ಹಿಂದೆ ನಾವೆಲ್ಲ ಹೋದೆವು. ನಾಲ್ಕಾಯಿತು. ನಾಲ್ಕೂವರೆ. ಒಂದೂ ಸಿಗಲಿಲ್ಲ. ಕೊನೆಯ ಎರಡು ಸಾಲು ದೇವವ್ವನವು. ಅಲ್ಲಿ ಅವರು ನಿಂತು, ಪೆನ್ನು ತೆಗೆದು ಬರೆಯಲು ಶುರು ಮಾಡಿದರು.

ಆಗ ಬಿಸಿಲು ಇಳಿಯಿತು. ಸಾಲಿನೊಳಗೆ ಹೊನ್ನಿನಂಥ ಬೆಳಕು ಅಡ್ಡ ಹರಿಯಿತು. ತಿರಕಪ್ಪ ತನ್ನ ಎಂದಿನ ಕನಸುಗಣ್ಣಿನಿಂದ ಮೇಡಂ ಅವರ ಹೆಗಲಿನಾಚೆ ನೋಡುತ್ತ ನಿಂತಿದ್ದ. ಇದ್ದಕ್ಕಿದ್ದಂತೆ ಅವನ ಮುಖ ಬದಲಾದದ್ದು ಕಂಡು ನಾನೂ ಅತ್ತ ನೋಡಿದೆ. ನನಗೇನೂ ಕಾಣಲಿಲ್ಲ. ಮೇಡಂ ಬೆನ್ನಿಗೆ ಆತುಕೊಂಡಂತೆ ಒಂದು ಗಿಡ, ಉಳಿದವುಗಳಿಗಿಂತ ಗೇಣು ಎತ್ತರ, ಮೈತುಂಬ ಮೊಗ್ಗು. ಹೊಲದಲ್ಲಿ ಅಷ್ಟು ಚಂದದ ಗಿಡ ಇನ್ನೊಂದಿರಲಿಲ್ಲ.

ತಿರಕಪ್ಪ ದೇವವ್ವನನ್ನು ನೋಡಿದ. ದೇವವ್ವ ಆಗಲೇ ಅವನನ್ನು ನೋಡುತ್ತಿದ್ದಳು. ಆ ಗಿಡ ಆಕೆಗೆ ಗೊತ್ತಿತ್ತು. ಮುಂಜಾನೆ ಕೀಳಲು ಕೈ ಬಂದಿರಲಿಲ್ಲ ಅಷ್ಟೇ. ಸುಮ್ಮನಿದ್ದರೆ ಪ್ಲಾಟು ಪಾಸು. ಹೇಳಿದರೆ ಮೇಡಂ ಈ ಬೆಳಕಿನಲ್ಲಿ ಇಡೀ ಎಕರೆಯನ್ನು ಮತ್ತೆ ನೋಡುವವರೇ. ಇನ್ನೂ ನಾಲ್ಕು ನಮ್ಮ ಕಣ್ಣು ತಪ್ಪಿ ಉಳಿದಿಲ್ಲವೆಂದು ಯಾರು ಹೇಳಬೇಕು? ನನಗೆ ನಿಜವಾಗಿಯೂ ಹೆದರಿಕೆಯಾಯಿತು. ತಿರಕಪ್ಪ ಕಣ್ಣು ತಿರುಗಿಸಲಿಲ್ಲ. ಆಕೆಯದು ಹೊಲ, ಆಕೆಯ ಮಾತಿಗೆ ಕಾದ.

ದೇವವ್ವ ಮುಂದೆ ಬಂದಳು. "ಸ್ವಲ್ಪ ಸರೀರಿ ಮೇಡಂ" ಎಂದಳು. ಎರಡೂ ಕೈಯಿಂದ ಆ ಗಿಡವನ್ನು ಬುಡಸಮೇತ ಕಿತ್ತಳು. "ಇದು ಬೆರಕಿ ಐತ್ರಿ. ತೊಟ್ಟು ನೋಡ್ರಿ. ನಿನ್ನೆ ಇಂಥವು ನಲವತ್ತಮೂರು ಇದ್ದುವು, ಉಳಿದವು ಬದುವಿನ ಮ್ಯಾಲ ಅದಾವ."

ಶ್ವೇತಾ ಮೇಡಂ ತೊಟ್ಟನ್ನು ಬಿಸಿಲಿಗೆ ಹಿಡಿದು ನೋಡಿದರು. ಬದುವಿನ ರಾಶಿ ನೋಡಿದರು. ಪೆನ್ನು ಮುಚ್ಚಿದರು. ಮೊದಲ ಸಾಲಿಗೆ ಹೋಗಿ ಮತ್ತೆ ಶುರು ಮಾಡಿದರು. ಈ ಸಲ ತಿರಕಪ್ಪನನ್ನೂ ಜೊತೆಗೆ ಕರೆದರು. ಇಬ್ಬರೂ ಇಳಿಬಿಸಿಲಿನಲ್ಲಿ ಇಪ್ಪತ್ತೆರಡು ಸಾಲು ನಿಧಾನವಾಗಿ ನಡೆದರು. ನಾವು ಬೇವಿನ ಮರದ ಕೆಳಗೆ ನಿಂತಿದ್ದೆವು, ಯೂಸುಫಸಾಬನೂ ಕೂಡಲಿಲ್ಲ. ದೇವವ್ವ ಕಿತ್ತ ಗಿಡವನ್ನು ಹಾಗೆಯೇ ಹಿಡಿದುಕೊಂಡಿದ್ದಳು, ಬೇರಿನ ಮಣ್ಣು ಆಕೆಯ ಸೀರೆಯ ಮೇಲೆ ಉದುರುತ್ತಿತ್ತು.

ಸೂರ್ಯ ಮುಳುಗುವ ಹೊತ್ತಿಗೆ ಅವರು ತಿರುಗಿ ಬಂದರು.

"ಇನ್ನ ಒಂದೂ ಇಲ್ಲ" ಎಂದರು ಮೇಡಂ. "ಪ್ಲಾಟ ಪಾಸ್ ಮಾಡೇನಿ."

ಹೆಣ್ಣುಮಕ್ಕಳಲ್ಲಿ ಯಾರೋ ಬಿಕ್ಕಿದ್ದು ಕೇಳಿಸಿತು. ಮಾಲಕರು ಜೀಪಿನಿಂದ ಇಳಿದು, ಇಷ್ಟೊತ್ತು ಅಲ್ಲೇ ಇದ್ದವರಂತೆ ಮುಂದೆ ಬಂದು ನಿಂತರು. ಮೇಡಂ ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಗಂಡಸರ ಕಡೆ ನೋಡಿದರು.

"ಪ್ಲಾಟ ಯಾರ ಹೆಸರಿಲೆ ಬರೀಲಿ?"

ಮಾಲಕರು ಬಾಯಿ ತೆರೆದರು. ತಿರಕಪ್ಪ ಅವರ ತೋಳು ಹಿಡಿದ.

"ದೇವವ್ವ ಅಂತ ಬರೀರಿ" ಎಂದಳು ದೇವವ್ವ.

ಮೇಡಂ ಬರೆದರು. ಕೆಳಗಿನ ಸಾಲಿಗೆ ಪೆನ್ನು ತಂದರು. "ಗಂಡನ ಹೆಸರು?"

"ಅವರು ಮನ್ಯಾಗ ಅದಾರ್ರಿ" ಎಂದಳು ಆಕೆ. "ಹೊಲದಾಗ ನಾನ ಇರೂದು."

ಶ್ವೇತಾ ಮೇಡಂ ಆ ಸಾಲನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ಸಹಿಗೆಂದು ಪೆನ್ನನ್ನು ಆಕೆಯ ಕೈಗೆ ಕೊಟ್ಟರು.